ಅತ್ತೆಯ ಫೈಲಿಗೊಂದು ಹೂಂ

ತಿಂಗಳ ಮೊದಲ ವಾರ ನನ್ನ ಸೋದರತ್ತೆಯ ಮನೆಗೆ ಹೋಗಬೇಡಿ. ಎರಡನೆಯ ವಾರವಂತೂ ಅವಳ ಓಣಿಯಲ್ಲೇ ಹಾಯಬೇಡಿ. ಹೋದರೆ ಏನಾಗುತ್ತದೆ ಅಂತೀರಾ? ಏನೂ ಆಗುವುದಿಲ್ಲ. ಕುರ್ಚಿ ಕೊಡುತ್ತಾಳೆ, ಮಂಡಾಳ ಒಗ್ಗರಣೆ ಕೊಡುತ್ತಾಳೆ, ಚಹಾ ಕೊಡುತ್ತಾಳೆ. ಆಮೇಲೆ ಬಾಗಿಲಿಗೆ ಚಿಲಕ ಹಾಕಿ, ಕಂಪ್ಯೂಟರಿನ ಮುಂದೆ ಕುಳಿತು, "ನಾ ಓದ್ತೀನಿ, ನೀವು ಹೂಂ ಅನ್ರಿ" ಎನ್ನುತ್ತಾಳೆ. ಅಲ್ಲಿಗೆ ನಿಮ್ಮ ಮಧ್ಯಾಹ್ನ ಮುಗಿಯಿತು ಎಂದು ತಿಳಿಯಿರಿ.

ಅತ್ತೆಯ ಕೆಲಸ ತೆರಿಗೆಯ ಫೈಲು ತಯಾರಿಸುವುದು. ರಾಯಚೂರಿನಲ್ಲಿ ಅವಳ ಮನೆಯ ಪಡಸಾಲೆಯೇ ಆಫೀಸು. ದೇವದುರ್ಗ, ಮಾನ್ವಿ ಕಡೆಯ ಅಂಗಡಿಯವರು, ಅಕ್ಕಿ ಗಿರಣಿಯವರು ತಮ್ಮ ಬಿಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಾರೆ. ವಾಟ್ಸಪ್ಪಿನಲ್ಲಿ ಫೋಟೋ ಕಳಿಸಬಾರದೇ? ಅದನ್ನೂ ಕಳಿಸುತ್ತಾರೆ. ಆದರೆ ಆ ಫೋಟೋದಲ್ಲಿ ಬಿಲ್ಲಿಗಿಂತ ಸಾಹುಕಾರರ ಹೆಬ್ಬೆರಳೇ ಚೆನ್ನಾಗಿ ಬಂದಿರುತ್ತದೆ. ಅತ್ತೆ ಅದನ್ನೆಲ್ಲ ಎಕ್ಸೆಲ್ಲಿನಲ್ಲಿ ಸಾಲುಸಾಲಾಗಿ ಜೋಡಿಸಿ, ಸರ್ಕಾರದ ಸಾಫ್ಟ್‌ವೇರಿಗೆ ಉಣಿಸಿ, ಪೋರ್ಟಲ್ಲು ಒಪ್ಪುವಂಥ ಫೈಲು ಮಾಡಿ, ಹನ್ನೊಂದನೇ ತಾರೀಖಿನೊಳಗೆ ಏರಿಸಬೇಕು. ತಡವಾದರೆ ದಂಡ.

ಫೈಲು ತಯಾರಿಸುವುದಕ್ಕೆ ಅವಳು ಇಟ್ಟ ಹೆಸರು 'ಬುತ್ತಿ ಕಟ್ಟೋದು'. "ಅರಕೇರಾದವರ ಬುತ್ತಿ ಕಟ್ಟೀನಿ, ಮಾನ್ವಿಯವರದು ಇನ್ನಾ ಒಲಿ ಮ್ಯಾಲ ಅದ" ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿದವರು, ಇವಳು ಖಾನಾವಳಿ ಇಟ್ಟಿದ್ದಾಳೆ ಎಂದೇ ತಿಳಿಯಬೇಕು. ಒಮ್ಮೆ ದೇವದುರ್ಗದ ಬಸ್ಸಿನಲ್ಲಿ ಬಿಲ್ಲಿನ ಚೀಲದ ಬದಲು ನಿಜವಾದ ಬುತ್ತಿಯೇ ಬಂದುಬಿಟ್ಟಿತು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದಿಷ್ಟು ಕೆನೆಮೊಸರು. ಬಿಲ್ಲಿನ ಚೀಲ ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವ ಯಾವುದೋ ಹುಡುಗಿಯ ಕೈ ಸೇರಿತ್ತು. ಚೀಲದ ಮೇಲಿದ್ದ ನಂಬರಿಗೆ ಆಕೆ ಫೋನ್ ಮಾಡಿ, "ಆಂಟಿ, ನಮ್ಮವ್ವ ಸಿಮೆಂಟಿನ ಬಿಲ್ ಕಳಿಸ್ಯಾಳ್ರಿ. ರೊಟ್ಟಿ ನಿಮ್ಮ ಕಡಿ ಬಂದಾವೇನ್ರಿ?" ಎಂದು ಕೇಳಿದಳು. ಬಂದಿದ್ದವು. ಅಷ್ಟರಲ್ಲಿ ಅತ್ತೆಯೂ ನಾನೂ ಸೇರಿ ಅರ್ಧ ಮುಗಿಸಿದ್ದೆವು.

ಇರಲಿ, ಹೂಂ ವಿಷಯಕ್ಕೆ ಬರುತ್ತೇನೆ. ಬುತ್ತಿ ಕಟ್ಟಿದ ಮೇಲೆ, ಕಳಿಸುವ ಮೊದಲು, ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು. ಎದುರಿಗೆ ಒಬ್ಬರು ಕುಳಿತು ಹೂಂ ಅನ್ನಬೇಕು. ಹೂಂ ಬೀಳದ ಫೈಲು ಅತ್ತೆಯ ಮನೆಯ ಹೊಸ್ತಿಲು ದಾಟುವುದಿಲ್ಲ. ಇದು ಗಂಜಿನ, ಅಂದರೆ ನಮ್ಮೂರ ಕೃಷಿ ಮಾರುಕಟ್ಟೆಯ, ದಲ್ಲಾಳಿ ಅಂಗಡಿಗಳ ಹಳೆಯ ಪದ್ಧತಿಯಂತೆ. ಒಬ್ಬ ಲೆಕ್ಕ ಓದುವುದು, ಇನ್ನೊಬ್ಬ ಹೂಂಗುಟ್ಟುವುದು. ಅವಳಿಗೆ ಇದನ್ನು ಕಲಿಸಿದವರು ಅವಳ ಗಂಡ, ನನ್ನ ಮಾಮಾ.

"ಅತ್ತಿ, ತಪ್ಪಿದ್ರ ಪೋರ್ಟಲ್ಲೇ ತೋರಸ್ತದ. ಈ ಹೂಂ ಯಾಕ ಬೇಕು?" ಎಂದು ನಾನೊಮ್ಮೆ ಕೇಳಿದ್ದೆ.

"ತಪ್ಪಾದ್ರ ಕೆಂಪು ಬಣ್ಣ ತೋರಸ್ತದಪ್ಪ. ಸರಿ ಇದ್ರ ಸರಿ ಅದ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳ್ತದೇನು?"

ನಾನು ಯರಗೇರಾದ ಕಾಲೇಜಿನಲ್ಲಿ ಪಾಠ ಹೇಳುವವನು. ತರಗತಿಯಲ್ಲಿ ಹೂಂ ಎಂದರೆ 'ನಾವು ಕೇಳುತ್ತಿಲ್ಲ, ನೀವು ನಡೆಸಿ' ಎಂದೇ ಅರ್ಥ. ಅತ್ತೆಯ ಮುಂದೆ ಅಂಥ ಹೂಂ ನಡೆಯುವುದಿಲ್ಲ. ಸಾಲು ಮುಗಿಯುವ ಮೊದಲೇ ಅಂದರೆ ಅವಸರದ ಹೂಂ, ತಡವಾಗಿ ಅಂದರೆ ನಿದ್ದೆಯ ಹೂಂ, ಮೊಬೈಲು ನೋಡುತ್ತಾ ಅಂದರೆ ಅದು ಹೂಂ ಅಲ್ಲವೇ ಅಲ್ಲ. ಕೇಳುವವರು ತೂಕಡಿಸುತ್ತಿದ್ದಾರೆ ಎಂಬ ಅನುಮಾನ ಬಂದರೆ ನಡುವೆ ಒಂದು ಸುಳ್ಳು ಸಾಲು ತೂರಿಸುತ್ತಾಳೆ. ಹೀಗೇ ಒಬ್ಬ ವಿಮೆಯ ಏಜೆಂಟರು ಪಾಲಿಸಿ ಮಾರಲು ಬಂದು ಸಿಕ್ಕಿಬಿದ್ದರು. ಅತ್ತೆ ಅದೇ ರಾಗದಲ್ಲಿ, "ಅರಕೇರಾ ಹಾರ್ಡ್‌ವೇರ್ ಅಂಗಡಿ, ಮಾಲು ಹೋಗಿದ್ದು ಚಂದ್ರಬಂಡಾಕ್ಕ, ಮಾಲು ಒಂಟಿ ಮರಿ" ಎಂದು ಓದಿದಳು. ಒಂಟೆಯ ಮರಿಗೂ ಅವರು ಗಂಭೀರವಾಗಿ ಹೂಂ ಅಂದರು. ಅಷ್ಟೇ, ಮತ್ತೆ ಮೊದಲ ಸಾಲಿನಿಂದ ಶುರು. ಆ ಮನುಷ್ಯ ಪಾಲಿಸಿಯ ಮಾತೇ ಎತ್ತದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಪಕ್ಕದ ಮನೆಯ ಶಮೀಮ್ ಬೀ ಹೂಂ ಅನ್ನುವುದಿಲ್ಲ, ಹೌ ಅನ್ನುತ್ತಾಳೆ. ಅವಳ ಮನೆಮಾತು ದಖನಿ. ಹೌ ನಡೆಯುತ್ತದೆಯೇ ಎಂದು ಕೇಳಿದೆ. "ಹೂಂ ಮೂಗಿನಾಗಿಂದ ಬರ್ತದ, ಹೌ ಎದಿಯಾಗಿಂದ ಬರ್ತದ. ಭೇಷ್ ನಡೀತದ" ಎಂದು ಅತ್ತೆ ತೀರ್ಪು ಕೊಟ್ಟಳು. ತೊಂದರೆ ಏನೆಂದರೆ, ಬಳೆ ಮಾರುತ್ತಾ ಊರೂರು ತಿರುಗಿದ ಶಮೀಮ್ ಬೀಗೆ ಪರಿಚಯವಿಲ್ಲದ ಅಂಗಡಿಯೇ ಇಲ್ಲ. ಒಂದೊಂದು ಸಾಲಿಗೂ "ಹೌ, ಅವರ ಸೊಸಿಗೆ ಹೆರಿಗಿ ಆತೇನ್?" ಎಂದು ಶುರು ಮಾಡುತ್ತಾಳೆ. ಫೈಲು ಅಲ್ಲೇ ಉಳಿದು ಬಾಣಂತನದ ಮಾತು ಮುಂದುವರಿಯುತ್ತದೆ.

ಇವರೆಲ್ಲ ಬದಲಿ ಆಳುಗಳು. ಖಾಯಂ ಹೂಂ ಮಾಮಾನದು. ಮಾಮಾ ಗಂಜಿನಲ್ಲಿ ಹತ್ತಿಯ ಹರಾಜಿನ ಸವಾಲು ಕೂಗುತ್ತಿದ್ದವರು. ಅಲ್ಲಿಗೆ ಹೋಗಿ ಬರುತ್ತಿದ್ದ ತಮ್ಮ ಸೈಕಲ್ಲನ್ನು ಬೇರೆಯವರಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅವರು ಧಾರಣೆ ಕೂಗಿದರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾದವರು ತಿರುಗಿ ನೋಡುತ್ತಿದ್ದರು ಎಂದು ಅತ್ತೆ ಹೇಳುತ್ತಾಳೆ. ಅರ್ಧ ನಂಬಿದರೂ ದೊಡ್ಡ ದನಿಯೇ. ಮನೆಯಲ್ಲಿ ಮಾತ್ರ ಆ ದನಿಗೆ ಹೂಂ ಅನ್ನುವುದೊಂದೇ ಕೆಲಸ. ತಪ್ಪು ಕಂಡರೆ "ಊಹೂಂ". ಆ ಊಹೂಂಗೆ ಅತ್ತೆ ಜಗಳ ತೆಗೆಯುತ್ತಿದ್ದಳು. ಗಂಡ ಹೆಂಡತಿ ಪ್ರೀತಿ, ಸಿಟ್ಟು, ಸಂಸಾರದ ಸಕಲ ವ್ಯವಹಾರವನ್ನೂ ಈ ಎರಡು ಶಬ್ದಗಳಲ್ಲೇ ನಡೆಸುತ್ತಿದ್ದರು.

ಹೋದ ವರ್ಷ ಮಾಮಾಗೆ ಲಕ್ವಾ ಹೊಡೆಯಿತು. ಕೈಕಾಲು ನಿಧಾನಕ್ಕೆ ದಾರಿಗೆ ಬಂದವು, ದನಿ ಬರಲಿಲ್ಲ. "ಮಾತಾಡಿಸ್ತಾ ಇರ್ರಿ, ಬಂದ್ರೂ ಬರಬಹುದು" ಎಂದು ಡಾಕ್ಟರು ಹೇಳಿದರು. ಅತ್ತೆ ಆ 'ಬರಬಹುದು' ಒಂದನ್ನೇ ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ಕಂಪ್ಯೂಟರಿನ ಪಕ್ಕ ಮಾಮಾನ ಕುರ್ಚಿ ಹಾಕಿದಳು. ಅಂದಿನಿಂದ ಹೊಸ ಕಾನೂನು ಜಾರಿಗೆ ಬಂತು. ಅವಳು ಒಂದು ಸಾಲು ಓದಿ ಮಾಮಾನ ಮುಖ ನೋಡಿ ಕಾಯುತ್ತಾಳೆ. ಮಾಮಾ ಫ್ಯಾನು ನೋಡುತ್ತಾರೆ. ಆಮೇಲೆ ಬದಲಿಯವರು ಹೂಂ ಅನ್ನಬೇಕು. ನಾನೊಮ್ಮೆ ಅವಸರ ಮಾಡಿದ್ದಕ್ಕೆ, "ಮೊದಲ ಪಾಳಿ ಅವರದು. ಅವರದು ಮುಗೀಲಿ, ಆಮ್ಯಾಲ ನೀನು" ಎಂದಳು.

ಮೊದಲೇ ನಿಧಾನದ ಕೆಲಸ, ಈಗ ಕೇಳಬೇಕೇ! ಓಣಿಯವರು ಇವಳಿಗೂ ತಲೆ ಸರಿಯಿಲ್ಲ ಎಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ ಸುಳ್ಳು ಸಾಲುಗಳನ್ನೆಲ್ಲ ಮಾಮಾನ ಕಡೆಗೆ ತಿರುಗಿಸಿದಳು. ಅವರನ್ನು ಕೆಣಕಬೇಕು, ಅದಕ್ಕಾದರೂ ಬಾಯಿ ಬಿಡಲಿ ಎಂಬುದು ಅವಳ ಲೆಕ್ಕ. "ಮಾನ್ವಿ ಕಿರಾಣಿ ಅಂಗಡಿ, ನಿಮ್ಮ ತಂಗಿ ಗಂಡ ನಿಮಗಿಂತ ಭಾಳ ಶಾಣ್ಯಾ" ಎಂದು ಓದುತ್ತಿದ್ದಳು. ಮಾಮಾ ಫ್ಯಾನು ನೋಡುತ್ತಿದ್ದರು. "ದೇವದುರ್ಗದ ಬೀಜದ ಅಂಗಡಿ, ನಿಮ್ಮವ್ವ ಮಾಡೋ ಪುಂಡಿಪಲ್ಯ ನನ್ನ ಪಲ್ಯಕ್ಕ ಸಮ ಅಲ್ಲ." ಆಗಲೂ ಫ್ಯಾನೇ. ಇದನ್ನೆಲ್ಲ ನೋಡುತ್ತಾ ಕೂತ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಮೊನ್ನೆ ಹನ್ನೊಂದನೇ ತಾರೀಖು. ಉಳಿದವರ ಬುತ್ತಿಯೆಲ್ಲ ಹೋಗಿತ್ತು, ಮಾನ್ವಿಯ ಅಕ್ಕಿ ಗಿರಣಿಯದೊಂದು ಬಾಕಿ. ಅವರ ಚೀಲ ಬಂದದ್ದೇ ಅವತ್ತು ಬೆಳಿಗ್ಗೆ. ಕಡೆಯ ದಿನ ಪೋರ್ಟಲ್ಲು ಹೇಗಿರುತ್ತದೆ ಎಂಬುದು ಬಲ್ಲವರಿಗೇ ಗೊತ್ತು. ನಡುವೆ ದುಂಡನೆಯದೊಂದು ಗಾಲಿ ಸುತ್ತುತ್ತಲೇ ಇರುತ್ತದೆ, ಊರು ಮಾತ್ರ ಬರುವುದಿಲ್ಲ. ಗಿರಣಿ ಸಾಹುಕಾರರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು.

"ಅಕ್ಕಾರ, ಹೋತೇನ್ರಿ?"

"ಓದಾಕತ್ತೀನ್ರಿ."

"ಓದೋದು ಬಿಡ್ರಿ, ಕಳಿಸಿಬಿಡ್ರಿ. ದಂಡ ಬೀಳ್ತದ."

ಅತ್ತೆ ಫೋನು ಬೋರಲು ಇಟ್ಟು ಓದತೊಡಗಿದಳು. ಕಾಲೇಜಿನಿಂದ ನೇರ ಬಂದು ಕುಳಿತಿದ್ದ ನನಗೆ ಕಣ್ಣು ಎಳೆಯುತ್ತಿತ್ತು. ಅವಳು ಓದಿ ಮಾಮಾನ ಮುಖ ನೋಡುವಳು, ನಾನು ಹೂಂ ಅನ್ನುವೆ. ಗಿರಣಿ, ಊರು, ಮಾಲು; ಹೂಂ. ಗಿರಣಿ, ಊರು, ಮಾಲು; ಹೂಂ.

"ಮಾಲು ಹೋಗಿದ್ದು ದೇವದುರ್ಗಕ್ಕ, ಮೆಟ್ಟಲ ಬುಡಕಿರೋ ನಮ್ಮ ಮನಿಯವರ ಸೈಕಲ್ಲು, ಗುಜರಿ ಧಾರಣಿ."

ಹೂಂ ಎಂದೆ. ಅಂದ ಮೇಲೆ ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಇನ್ನು ಮೊದಲಿನಿಂದ ಶುರು ಎಂದು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಒಂದು ಸದ್ದು ಬಂತು.

"ಊ... ಊಹೂಂ."

ನನ್ನ ನಿದ್ದೆ ಹಾರಿತು. ಅತ್ತೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಾ ಅದೇ ಸಾಲನ್ನು, ಅದೇ ರಾಗದಲ್ಲಿ ಮತ್ತೆ ಓದಿದಳು.

"ಊಹೂಂ," ಎಂದರು ಮಾಮಾ. ಫ್ಯಾನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು. ಸಿಟ್ಟು ಬಂದಿತ್ತು ಅವರಿಗೆ! ಆ ಸಿಟ್ಟನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಅತ್ತೆ ಮೂರನೆಯ ಸಲ ಓದಲು ಹೋದಳು, ಆಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಳು.

ಫೋನು ಮತ್ತೆ ಹೊಡೆದುಕೊಂಡಿತು. ಅತ್ತೆ ಮೂಗು ಒರೆಸಿಕೊಂಡು ಎತ್ತಿದಳು.

"ಇಲ್ರಿ ಸಾವ್ಕಾರ್ರ, ಇನ್ನಾ ಹೋಗಿಲ್ಲ," ಎಂದಳು. "ಹ್ಯಾಂಗ ಕಳಿಸ್ಲಿ? ನಮ್ಮ ಮನಿಯವರು ಬ್ಯಾಡ ಅನ್ನಾಕತ್ತಾರ."