ಅತ್ಯಾ ಹೊಗಳಿದ ದಿನ

ಪುಣೆಯ ನಮ್ಮ ಕನ್ನಡ ಮಂದಿಯಲ್ಲಿ ಒಂದು ಕಾಯಿದೆ ಇದೆ. ಹೊರದೇಶದಲ್ಲಿ ಓದುವ ಮಕ್ಕಳಿಗೆ ಮನೆಯ ಸಾವಿನ ಸುದ್ದಿಯನ್ನು ಪರೀಕ್ಷೆ ಮುಗಿಯುವ ತನಕ ಹೇಳಬಾರದು. ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಹೆಲ್ಮೆಟ್ಟಿನ ಕಾಯಿದೆಯನ್ನು ಇದರ ಅರ್ಧದಷ್ಟು ಪಾಲಿಸಿದ್ದರೂ ಈ ಊರಲ್ಲಿ ಎಷ್ಟೋ ತಲೆ ಉಳಿಯುತ್ತಿದ್ದವು. ಅಜ್ಜನಿಗೆಂದು ಸ್ವೆಟರ್ ಹೊತ್ತು ತಂದ ಒಬ್ಬ ಹುಡುಗನನ್ನು ವಿಮಾನ ನಿಲ್ದಾಣದಿಂದ ಸೀದಾ ಹಾರ ಹಾಕಿದ ಫೋಟೋದ ಮುಂದೆ ತಂದು ನಿಲ್ಲಿಸಿದ್ದರು. ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಮನೆಯ ಸರದಿ ಬಂದದ್ದು ನಾನು ಇಟಲಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುವಾಗ.

ಹೋದವಳು ನನ್ನ ಅತ್ಯಾ, ಅಪ್ಪನ ಅಕ್ಕ. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದು ನನ್ನನ್ನು ಬೆಳೆಸಿದವಳು. ಅವಳ ಬಾಯಿಂದ ಯಾರಿಗೂ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಹತ್ತನೆಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ, "ಯಾಕ, ಉಳದವ್ರೆಲ್ಲಾ ಜ್ವರಾ ಬಂದು ಮಲಗಿದ್ರೇನು?" ಅಂದಿದ್ದಳು. ಅವಳ ಕಿರಿಯ ತಮ್ಮ, ಅಂದರೆ ನನ್ನ ಕಾಕಾ, ಐವತ್ತು ದಾಟಿದರೂ ಅವರನ್ನು 'ಕೋಣ' ಅಂತಲೇ ಕರೆಯುತ್ತಿದ್ದಳು. ಆದರೆ "ಹುಡುಗಿ ಹೋಗ್ಲಿ, ಓದ್ಲಿ" ಅಂತ ಇಡೀ ಮನೆಯೊಡನೆ ಜಗಳವಾಡಿ ನನ್ನನ್ನು ವಿಮಾನ ಹತ್ತಿಸಿದವಳೂ ಅವಳೇ. ಅವಳಿಂದ ಒಂದೇ ಒಂದು ಸಲ 'ಛಲೋ' ಅನ್ನಿಸಿಕೊಳ್ಳಬೇಕು ಅನ್ನುವುದು ನನ್ನ ಬಾಳಿನ ಹಟವಾಗಿತ್ತು.

ಕೊನೆಯ ಪರೀಕ್ಷೆಗೆ ಮುಂಚೆ ಒಂದು ರವಿವಾರ, ರೂಮಿನ ಗೆಳತಿಯೊಡನೆ ಸಮುದ್ರದ ದಂಡೆಯ ಗುಡ್ಡದ ಊರೊಂದನ್ನು ನೋಡಲು ಹೋದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಟ್ರಿಪ್. ಅಷ್ಟರೊಳಗೆ ಪುಣೆಯಲ್ಲಿ ಅತ್ಯಾನ ದಹನವಾಗಿ ವಾರ ದಾಟಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಅಪ್ಪನ ಮೀಸೆ

ರೈಲಿನಲ್ಲಿ ಕೂತು ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪನ ತಲೆ ಬೋಳು. ಮೀಸೆಯೂ ಇಲ್ಲ. ಮೀಸೆಯಿಲ್ಲದ ಅಪ್ಪನನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೇರೆ ಯಾರ ಮನೆಗೋ ಕಾಲ್ ಹೋಯಿತು ಅಂತ ಕಟ್ ಮಾಡಲು ಹೊರಟಿದ್ದೆ.

"ಏನಪ್ಪಾ ಇದು?" ಅಂದೆ.

ಅಪ್ಪ ಪುಣೆ ಹತ್ತಿರದ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಸ್ವಲ್ಪ ತಡವರಿಸಿ, "ಫ್ಯಾಕ್ಟರಿಯೊಳಗ ಹೊಸಾ ಮಾಸ್ಕ್ ಬಂದಾವವಾ. ಮೀಸಿ ಇದ್ದರ ಸರಿ ಕೂಡೂದಿಲ್ಲ" ಅಂದರು.

"ಮತ್ತ ತಲಿ?"

"ಕೂದ್ಲಾ ಇದ್ದರ ಬೆಲ್ಟ್ ಜಾರ್ತದ."

ಬೇರೆ ಯಾರಾದರೂ ಅನುಮಾನ ಪಡುತ್ತಿದ್ದರು. ನಾನು ಓದುತ್ತಿದ್ದದ್ದೇ ಫ್ಯಾಕ್ಟರಿಗಳ ಸುರಕ್ಷತೆ. ಮೀಸೆಯ ಸಂದಿನಿಂದ ಗ್ಯಾಸ್ ಹೇಗೆ ಒಳಗೆ ನುಗ್ಗುತ್ತದೆ ಅಂತ ಎರಡು ಸ್ಟೇಷನ್ ದಾಟುವ ತನಕ ಅಪ್ಪನಿಗೆ ಪಾಠ ಮಾಡಿದೆ. ಅಕ್ಕನ ಕರ್ಮ ಮಾಡಿ ಆಗಷ್ಟೇ ಎದ್ದು ಬಂದಿದ್ದ ಮನುಷ್ಯ ಒದ್ದೆ ಪಂಚೆಯಲ್ಲೇ ಕೂತು, "ಹೌದವಾ, ಹೌದು" ಅಂತ ಕೇಳಿಸಿಕೊಂಡರು.

"ಅಂತೂ ನಿಮ್ಮ ಫ್ಯಾಕ್ಟರಿಗೆ ಬುದ್ಧಿ ಬಂತಲ್ಲಾ" ಅಂದೆ. "ಕಾಕಾನಿಗೂ ಬೋಳಿಸ್ಕೋ ಅನ್ರಿ."

"ಅವನೂ ಬೋಳಿಸ್ಯಾನ" ಅಂದರು ಅಪ್ಪ.

ಕಾಕಾನದು ಪುಣೆ ಕ್ಯಾಂಪಿನಲ್ಲಿ ಪೆನ್ನು, ಪುಸ್ತಕದ ಅಂಗಡಿ. ಅಲ್ಲಿ ಯಾವ ಗ್ಯಾಸು ಅಂತ ಕೇಳುವಷ್ಟು ಬುದ್ಧಿ ಎಂಜಿನಿಯರಿಂಗ್ ನನಗೆ ಕಲಿಸಿರಲಿಲ್ಲ.

ಪಕ್ಕದ ಮನೆಯ ಫ್ರಿಜ್

ಆ ಊರೆಂದರೆ ಬರೀ ಮೆಟ್ಟಿಲು. ಮನೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ, ನಡುವೆ ಮೆಟ್ಟಿಲು. ಏದುಸಿರು ಬಿಡುತ್ತ ತುದಿಗೆ ಹೋದರೆ ಕೆಳಗೆ ಅಷ್ಟಗಲ ನೀಲಿ ಸಮುದ್ರ. ತಕ್ಷಣ ಅವ್ವನಿಗೆ ಫೋನ್ ಮಾಡಿ, "ಅತ್ಯಾನ್ನ ಕರಿ, ಸಮುದ್ರಾ ತೋರಸ್ತೀನಿ" ಅಂದೆ.

"ಮಲ್ಕೊಂಡಾಳ" ಅಂದಳು ಅವ್ವ. ಆ ವಾರವೆಲ್ಲ ಅತ್ಯಾ ಒಂದೋ ಮಲಗಿರುತ್ತಿದ್ದಳು, ಇಲ್ಲವೇ ಸ್ನಾನಕ್ಕೆ ಹೋಗಿರುತ್ತಿದ್ದಳು.

ಅವ್ವನ ಹಿಂದೆ ಹಾಲ್ ತುಂಬ ಜನ. ಯಾರೆಂದು ಕೇಳಿದರೆ, "ಸತ್ಯನಾರಾಯಣ ಪೂಜಾ ಅದ" ಅಂದಳು. ನನ್ನನ್ನು ಬಿಟ್ಟು ಪೂಜೆಯೇ ಅಂತ ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಕಾಕೂ ಫೋನಿಗೆ ಮುಖ ತಂದು, ಕಣ್ಣೊರೆಸಿಕೊಳ್ಳುತ್ತ, "ಫಾರ್ ವಾಯೀಟ್ ಝಾಲಂ ಗ ಬಾಳಾ" ಅಂದರು. ತುಂಬ ಕೆಟ್ಟದ್ದಾಯಿತು ಮಗಳೇ, ಅಂತ.

ಅವ್ವ ಫೋನ್ ಕಸಿದುಕೊಂಡು, "ಅವರ ಮನೀ ಫ್ರಿಜ್ ಕೆಟ್ಟದ, ಅದಕ್ಕ" ಅಂದಳು.

ದೊಡ್ಡವರು ಅತ್ತರೆ ಸಮಾಧಾನ ಹೇಳಬೇಕು ಅಂತ ನನಗೆ ಕಲಿಸಿದ್ದಾರೆ. ಹಾಲಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಕೂಗಿದೆ: "ಅಳಬೇಡಿ ಕಾಕೂ, ಎಷ್ಟು ಹಳೇದಾಗಿತ್ತು! ದಿನವಿಡೀ ಗುರ್ ಅಂತ ತಲೆ ತಿನ್ನುತ್ತಿತ್ತು. ಹೋದದ್ದೇ ಒಳ್ಳೇದಾಯ್ತು."

ಅವ್ವ ಫೋನ್ ಕಟ್ ಮಾಡಿದಳು. ಆ ಕಾಕೂ ಇವತ್ತಿಗೂ ನಮ್ಮ ಮನೆಗೆ ಬಂದರೆ ನನ್ನ ಕೈಯ ಚಹಾ ಕುಡಿಯುವುದಿಲ್ಲ.

ಅತ್ಯಾನ ಉತ್ತರ

ಅತ್ಯಾ ಏಳಲಿಲ್ಲವಲ್ಲ, ಎದ್ದ ಮೇಲೆ ನೋಡಲಿ ಅಂತ ಒಂದು ಫೋಟೋ ತೆಗೆಸಿಕೊಂಡು ಅವಳ ಫೋನಿಗೇ ಕಳಿಸಿದೆ. ಕೂದಲು ಗಾಳಿಗೆ ಕೆದರಿ ದೆವ್ವದ ಹಾಗೆ ಕಾಣುತ್ತಿದ್ದೆ. ಬೈಗುಳ ಖಾತ್ರಿ ಅಂದುಕೊಂಡೆ. ಉತ್ತರ ಬಂತು: "ಭಾಳ ಛಂದ ಕಾಣಸ್ತಿ. ನೀ ನಮ್ಮ ಮನೀ ಹೆಮ್ಮಿ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೆಂಗಳೂರಿನವಳಾದ ನನ್ನ ಗೆಳತಿ ಗಾಬರಿಯಾಗಿ, "ಏನಾಯ್ತೇ? ಎನಿ ಬ್ಯಾಡ್ ನ್ಯೂಸ್?" ಅಂದಳು.

"ಇಲ್ಲ, ನಮ್ಮತ್ಯಾ ಹೊಗಳಿದಳು" ಅಂದೆ. ಆ ಖುಷಿಗೆ ಅವಳಿಗೆ ಐಸ್‌ಕ್ರೀಮ್ ಕೊಡಿಸಿ ನಾನೂ ತಿಂದೆ. ಮನೆಯಲ್ಲಿ ಸೂತಕ, ಇಲ್ಲಿ ನನ್ನ ಪಾರ್ಟಿ. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಫೋನ್ ಇದ್ದದ್ದು ಕಾಕಾನ ಕೈಯಲ್ಲಿ. ನನಗೆ ಅನುಮಾನ ಬರಬಾರದು ಅಂತ ಅತ್ಯಾನ ಹೆಸರಲ್ಲಿ ಉತ್ತರ ಬರೆಯುವ ಕೆಲಸವನ್ನು ಅವರಿಗೆ ಹಚ್ಚಿದ್ದರು. ನಾಲ್ಕು ಬೈದು ಬರೆಯಿರಿ ಅಂತ ಅವ್ವ ಹೇಳಿಯೂ ಹೇಳಿದ್ದಳಂತೆ. ಕಾಕಾ ಒಪ್ಪಲಿಲ್ಲ. "ಸತ್ತವರ ಬಾಯಾಗ ಬೈಗಳಾ ಹ್ಯಾಂಗ ಹಾಕ್ಲಿ ವೈನೀ? ಪಾಪ ಬರ್ತದ" ಅಂದರಂತೆ.

ಇದೆಲ್ಲ ನನಗೇನು ಗೊತ್ತು? ಅತ್ಯಾ ಇಷ್ಟು ಮೆತ್ತಗಾಗಿದ್ದಾಳೆ, ಇದೇ ಹೊತ್ತು ಅಂತ, ಎಷ್ಟೋ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಬರೆದೆ: "ಅತ್ಯಾ, ನನ್ನ ಮದುವಿಗಂತ ಕಾಕಾ ಹುಡುಕ್ಯಾರಲ್ಲಾ ಆ ಹಿಂಜವಾಡಿ ಐಟಿ ಹುಡುಗಾ, ನನಗ ಬ್ಯಾಡ. ಫೋನ್ ಮಾಡಿ ಅರ್ಧಾ ತಾಸು ಬರೇ ಕಂಪನಿ ಕ್ಯಾಬ್ ಲೇಟ್ ಆದದ್ದು ಹೇಳ್ದಾ. ಇದನ್ನ ತಪ್ಪಸೂದು ನಿನ್ನ ಒಬ್ಬಾಕಿ ಕೈಲೆ ಆಗ್ತದ. ಕಾಕಾನ ತಲ್ಯಾಗ ಏನೂ ಇಲ್ಲಂತ ನೀ ಹೇಳ್ತಿದ್ದಿ, ಖರೇ ಅದ. ಅವರ ಮುಂದ ಅನಬ್ಯಾಡ ಮತ್ತ."

'ಟೈಪಿಂಗ್' ಅಂತ ಬಂತು. ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕೊನೆಗೆ ಉತ್ತರ ಬಂತು:

"ಹಂಗನಬ್ಯಾಡ. ನಿಮ್ಮ ಕಾಕಾ ಭಾಳ ಶಾಣ್ಯಾ ಇದ್ದಾನ. ಅವನಷ್ಟು ತಿಳದಾಂವ ನಮ್ಮ ಮನ್ಯಾಗ ಯಾರೂ ಇಲ್ಲ."

ನನ್ನನ್ನು ಹೊಗಳಿದ್ದನ್ನು ಕಣ್ಣು ಮುಚ್ಚಿ ನಂಬಿದ್ದೆ. ಇದನ್ನು ನಂಬುವುದು ಸಾಧ್ಯವಿರಲಿಲ್ಲ. ಉಸಿರಿರುವ ತನಕ ಅತ್ಯಾ ಈ ಮಾತು ಬರೆಯುವವಳಲ್ಲ. ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಅತ್ಯಾ ಯಾವಾಗ ಹೋದಳು?"