ಅಕ್ಕನ ಯಂತ್ರದೊಳಗೆ ನನ್ನ ತಲೆ

ನಮ್ಮ ಅಕ್ಕನಿಗೆ ಬೇರೆಯವರ ತಲೆ ಅಂದರೆ ಪ್ರಾಣ. ಬೇರೆಯವರ ಉಗುಳು ಅಂದರೆ ಅದಕ್ಕಿಂತ ಹೆಚ್ಚು! ಮಾಟಗಾತಿ ಅಂದುಕೊಳ್ಳಬೇಡಿ, ವಿಜ್ಞಾನಿ. ಹೈದರಾಬಾದಿನ ಒಂದು ದೊಡ್ಡ ಸಂಸ್ಥೆಯಲ್ಲಿ ಮಂದಿಯನ್ನು ಯಂತ್ರದೊಳಗೆ ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾಳೆ, ಅವರ ಉಗುಳಿನಿಂದ ವಂಶವಾಹಿ ಓದುತ್ತಾಳೆ, ಎರಡನ್ನೂ ಕೂಡಿಸಿ ಲೇಖನ ಬರೆಯುತ್ತಾಳೆ. ನಾನು ಏಳನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದು, ಅದೇ ಊರಿನ ನಾಚಾರಂನಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆ ಸೇರಿದವನು. ಒಂದೇ ಹೊಟ್ಟೆಯಿಂದ ಇಬ್ಬರೂ ಹೇಗೆ ಬಂದೆವು ಅನ್ನುವುದನ್ನು ಆ ವಂಶವಾಹಿಯೇ ಹೇಳಬೇಕು!

ಲೇಖನ ಅಚ್ಚಾದಷ್ಟಕ್ಕೇ ಅಕ್ಕನಿಗೆ ಸಮಾಧಾನವಿಲ್ಲ. ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ಇವಳ ಹೆಸರು ಹೇಳಬೇಕು. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ಮಂದಿ ಎದ್ದ ಕೂಡಲೇ ದೇವರ ಫೋಟೋ ನೋಡಿದರೆ, ಇವಳು ಫೋನಿನಲ್ಲಿ ಸೈಟೇಶನ್ ನೋಡುತ್ತಾಳೆ. ಒಂದು ಏರಿದ್ದರೆ ಅವತ್ತು ಉಪ್ಪಿಟ್ಟಿಗೆ ಗೋಡಂಬಿ. ಏರದಿದ್ದರೆ ಉಪ್ಪಿಟ್ಟೇ ಇಲ್ಲ!

ಈ ಚಟ ನಮ್ಮ ಅಡುಗೆಮನೆಗೂ ಬಂತು. ನನ್ನ ಹೆಂಡತಿ ಕಲಿಸಿಕೊಟ್ಟ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಮೇಲಿನ ಮನೆಯ ತೆಲುಗು ಅಮ್ಮ ಒಂದು ಭಾನುವಾರ ಅಕ್ಕನ ತಟ್ಟೆಗೆ ಬಡಿಸಿದರು.

"ಎವರು ನೇರ್ಪಾರಮ್ಮಾ ಇದಿ?" ಯಾರು ಕಲಿಸಿದರು ಅಂತ ಅಕ್ಕನ ವಿಚಾರಣೆ ಶುರು.

"ನೇನೇ ಚೇಶಾನಮ್ಮಾ."

ಮಾಡಿದ್ದು ನೀವು, ಸರಿ. ಮೂಲ ಯಾರದು? ಅಕ್ಕ ಬಿಡಲಿಲ್ಲ. ಪಾಪ, ಆ ಅಮ್ಮ ಈಗ ಯಾರಿಗೇ ಹಿಂಡಿ ಬಡಿಸಲಿ, ನನ್ನ ಹೆಂಡತಿಯ ಹೆಸರು ಹೇಳಿಯೇ ಮುಚ್ಚಳ ತೆರೆಯುತ್ತಾರೆ.

ಇಂಥವಳು ಒಮ್ಮೆ "ತಮ್ಮಾ, ನಿನ್ನ ತಲಿ ಬೇಕಾಗೈತಿ" ಅಂದಳು. ಹೆಚ್ಚು ಓದದವರ ಮಿದುಳೂ ಬೇಕಿತ್ತಂತೆ, ಆ ಸಂಸ್ಥೆಯಲ್ಲಿ ಹುಡುಕಿದರೂ ಸಿಗಲಿಲ್ಲವಂತೆ! ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನೇರ ಅಲ್ಲಿಗೇ ಹೋದೆ. ಕಾರ್ಖಾನೆಯಲ್ಲಿ ಉಗುಳಿದರೆ ಸೂಪರ್‌ವೈಸರ್ ಬೈಯುತ್ತಾನೆ. ಇಲ್ಲಿ ನಳಿಕೆ ಹಿಡಿದು "ಇನ್ನೂ ಸ್ವಲ್ಪ ಉಗುಳಿ ಸರ್, ಥ್ಯಾಂಕ್ಯೂ" ಅಂದರು. ನನ್ನನ್ನು ಸರ್ ಅಂದದ್ದು ಅದೇ ಮೊದಲು, ಅದೂ ಉಗುಳಿದ್ದಕ್ಕೆ!

ಆಮೇಲೆ ಯಂತ್ರದೊಳಗೆ ತಳ್ಳಿದರು. "ಕಣ್ಣು ತೆರೆದು ಆ ಪ್ಲಸ್ ಗುರುತು ನೋಡಕೋತ ಇರು. ಅಲುಗಾಡಬ್ಯಾಡ. ನಿದ್ದಿ ಮಾಡಿದ ಮಿದುಳು ನನಗ ಬ್ಯಾಡ," ಅಂದಳು ಅಕ್ಕ, ಹೊರಗಿನಿಂದ ಮೈಕಿನಲ್ಲಿ. ಯಂತ್ರ ಧಡಧಡ ಅನ್ನತೊಡಗಿತು. ಥೇಟ್ ನಮ್ಮ ಕಾರ್ಖಾನೆಯ ಸಪ್ಪಳ. ಜೋಗುಳ ಹಾಡಿದ ಹಾಗಾಯಿತು! ಹೊರಗೆ ಎಳೆದಾಗಲೇ ಎಚ್ಚರ.

"ನಿದ್ದಿ ಬಂತೇನು?"

"ಛೇ! ಕಣ್ಣರೆಪ್ಪಿ ಸೈತ ಬಡಿದಿಲ್ಲ," ಅಂದುಬಿಟ್ಟೆ.

ಲೇಖನ ಅಚ್ಚಾಯಿತು, ಜರ್ಮನಿಯ ತನಕ ಹೆಸರಾಯಿತು. ಚಹಾದಂಗಡಿಯಲ್ಲಿ ನಾನು "ನನ್ನ ತಲಿ ಜರ್ಮನಿಗೆ ಹೋಗೈತಿ" ಅಂತ ಮೆರೆದೆ. ಆದರೆ ಸೈಟೇಶನ್ ಒಂದೊಂದು ಏರಿದಾಗಲೂ ನನ್ನ ಪಾಲಿನ ಗೋಡಂಬಿ ತಟ್ಟೆಯ ಅಂಚಿನಲ್ಲೇ ಉಳಿಯುತ್ತಿತ್ತು. ನನ್ನ ನಿದ್ದೆಯನ್ನು ಎಷ್ಟು ದೇಶದ ಮಂದಿ ಎಚ್ಚರ ಅಂತ ನಂಬಿದ್ದಾರಲ್ಲ!

ಹೋದ ತಿಂಗಳು ಅಕ್ಕ ಹಿಗ್ಗಿಕೊಂಡು ಬಂದಳು. ಹೊರದೇಶದ ಒಂದು ತಂಡ ಆ ಲೇಖನದ ಮೂಲ ಚಿತ್ರಗಳನ್ನೆಲ್ಲ ಕೇಳಿದೆಯಂತೆ, ತಾವೂ ಪರೀಕ್ಷೆ ಮಾಡಿ ನೋಡುತ್ತಾರಂತೆ. "ನಾಳೆ ಕಳಸ್ತೀನಿ. ತಪ್ಪು ಸಿಕ್ಕರ ಲೇಖನಾನೇ ವಾಪಸ್ ತಗೋಬೇಕಾಗತೈತಿ," ಅಂದು ನಕ್ಕಳು. ನನ್ನ ಕೈಯ ರೊಟ್ಟಿ ಬಾಯಿಗೆ ಹೋಗಲಿಲ್ಲ. ಅವಳು ಗಳಿಸಿದ ಹೆಸರೆಲ್ಲ ನನ್ನ ಗೊರಕೆಯಲ್ಲಿ ಹೋಗುವುದೇ?

"ಅಕ್ಕಾ, ಕಳಸಬ್ಯಾಡ. ನಾ ಅವತ್ತು ನಿದ್ದಿ ಹೊಡದೀನಿ. ಸುಳ್ಳು ಹೇಳಿದ್ದೆ."

"ಗೊತ್ತೈತಿ."

"ಏನು ಗೊತ್ತೈತಿ?"

"ಒಳಗ ಕ್ಯಾಮೆರಾ ಇತ್ತಲ್ಲೋ ಮಂಗ್ಯಾ! ಶುರು ಆದ ಕೂಡಲೇ ಕಣ್ಣು ಮುಚ್ಚಿದಿ. ನಿನ್ನ ತಲಿ ಅವತ್ತೇ ತೆಗದು ಹಾಕೀನಿ. ಜರ್ಮನಿ ದೂರ ಉಳೀತು, ಇಲ್ಲೇ ಊರಾಗಿನ ಮಾದಾಪುರದ ತನಕಾನೂ ಹೋಗಿಲ್ಲ!"

ಎದೆಯ ಭಾರ ಇಳಿಯಿತು, ಜೊತೆಗೆ ಮಾನವೂ ಇಳಿಯಿತು. ನನಗೇ ಸಿಟ್ಟು ಬಂತು.

"ಮತ್ತ ಎಬ್ಬಿಸಬೇಕಿಲ್ಲೇನು? ಆ ಯಂತ್ರ ಸಿಗಬೇಕಂದ್ರ ತಿಂಗಳಗಟ್ಟಲೆ ಕಾಯತಿದ್ದಿ. ನಿನ್ನ ಕೈಯಾಗ ಮೈಕ್ ಇತ್ತಲ್ಲ!"

ಅಕ್ಕ ಫೋನನ್ನು ಕೆಳಗಿಟ್ಟಳು.

"ಗುಂಡಿ ಮ್ಯಾಲ ಬೆರಳು ಇಟ್ಟಿದ್ದೆ. ಒತ್ತಾಕ ಆಗಲಿಲ್ಲ. ನೀ ಹಂಗ ನೆಮ್ಮದಿಲೇ ಮಲಗಿದ್ದು ನೋಡಿ ಭಾಳ ವರ್ಷ ಆಗಿತ್ತು." ಒಂದು ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. "ಯಂತ್ರ ಬಂದ್ ಮಾಡಿದ್ರ ಎಚ್ಚರ ಆಗತೀಯಂತ, ಬಾಜೂಕಿದ್ದ ಹುಡುಗಿಗೆ ಹೇಳಿದೆ, ಇನ್ನೊಂದಿಷ್ಟು ಹೊತ್ತು ಹಂಗೇ ನಡೀಲಿ ಬಿಡು ಅಂತ."