ಶಾಶ್ವತ ನಿಧಿಯನ್ನು ತಿನ್ನುವ ಕ್ರಮ

ಜಿಲ್ದಿಜ್ ಶಿಶುಶಾಲಾ ಸೇವಾ ಸಂಘ
ಕಾಶ್ಕಾ-ಬುಲಾಕ್ ಗ್ರಾಮ, ನಾರಿನ್ ಪ್ರಾಂತ್ಯ

ಸಂಖ್ಯೆ: ಶಿಸಂ/ಶಾನಿ/ಕುರಿ/07

ವಿಷಯ: ಸಂಘದ ದೀರ್ಘಕಾಲೀನ ಹಣಕಾಸು ಭದ್ರತೆ ಕುರಿತು.

ಉಲ್ಲೇಖ: 1) ‘ನಮ್ಮ ಕುರಿಗಳೆಲ್ಲಿ?’ ಎಂಬ ದಾನಿಗಳ ಪತ್ರ.
2) ಶಿಕ್ಷಕಿ ಝಿಪಾರ್ ಅವರ ಮೌಖಿಕ ಕೂಗಾಟ.

ಮರಿ ಮಾರಿ ಶಿಶುಶಾಲೆಯ ಒಲೆಗೆ ಕಲ್ಲಿದ್ದಲು ಕೊಳ್ಳಬೇಕು, ತಾಯಿಕುರಿಗಳನ್ನು ಮುಟ್ಟಬಾರದು ಎಂಬ ಷರತ್ತಿನ ಮೇಲೆ ಬಿಷ್ಕೇಕಿನ ದಾನಿಗಳು ನಲವತ್ತು ಕುರಿಗಳ ಶಾಶ್ವತ ನಿಧಿಯನ್ನು ಸ್ಥಾಪಿಸಿದ್ದು ಸರಿಯಷ್ಟೆ. ನಿಧಿ ಕ್ಷೇಮವೇ ಎಂದು ನೋಡಲು ಬಂದ ಪ್ರತಿ ಅತಿಥಿಗೂ ಒಂದೊಂದು ಕುರಿ ಕಡಿದ ಕಾರಣ, ಸದರಿ ನಿಧಿ ಈಗ ಒಂದು ಕುರಿಗೆ ಬಂದು ನಿಂತಿರುತ್ತದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಶಾಶ್ವತ ನಿಧಿಯನ್ನು ತಿನ್ನುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಅತಿಥಿಯನ್ನು ಬರೀ ಚಹಾ ಕೊಟ್ಟು ಕಳಿಸಿದರೆ ಊರಿನ ಮಾನ ಹೋಗುವುದರಿಂದ, ಈ ನಿಷೇಧ ಅತಿಥಿಗಳಿಗೆ ಅನ್ವಯಿಸುವುದಿಲ್ಲ.

2. ತಪಾಸಣಾಧಿಕಾರಿಗಳು ಇನ್ನು ಮುಂದೆ ಒಂದೇ ಗಾಡಿಯಲ್ಲಿ ಬರತಕ್ಕದ್ದು. ಕಳೆದ ವರ್ಷ ಒಂದು ಕುರಿ ಕಾಣೆಯಾದ ವಿಚಾರಣೆಗೆ ಬೇರೆ ಬೇರೆ ಗಾಡಿಗಳಲ್ಲಿ ಬಂದವರಿಗೆ ಮೂರು ಕುರಿ ಖರ್ಚಾಗಿರುತ್ತವೆ.

3. ಕುರಿಯ ಬೇಯಿಸಿದ ತಲೆ ವಾಡಿಕೆಯಂತೆ ಹಿರಿಯ ಅತಿಥಿಗೆ ಸಲ್ಲತಕ್ಕದ್ದು. ಅವರು ಅದರ ಕಿವಿ ಕೊಯ್ದು ಮಕ್ಕಳಿಗೆ ಕೊಟ್ಟಲ್ಲಿ, ಅದನ್ನು ‘ಮಕ್ಕಳ ಕಲ್ಯಾಣ ವೆಚ್ಚ’ವೆಂದು ಬರೆಯತಕ್ಕದ್ದು. ಈ ಸಾಲಿನಲ್ಲಿ ಬೇರೆ ಕಲ್ಯಾಣ ನಡೆದಿರುವುದಿಲ್ಲ.

4. ಊಟದ ನಂತರ ಹಿರಿಯರು ಅಂಗೈ ಚಾಚಿ ‘ಮಂದೆ ಸಾವಿರವಾಗಲಿ’ ಎಂದು ಹರಸಿದ್ದನ್ನು ಮುಂದಿನ ಹತ್ತು ವರ್ಷಗಳ ಆದಾಯವೆಂದು ಜಮಾ ಮಾಡತಕ್ಕದ್ದು.

5. ಉಳಿದ ಕುರಿಯನ್ನು ಶಿಕ್ಷಕಿಯು ತರಗತಿಯೊಳಗೆ ಸೇರಿಸಿಕೊಂಡು ಚಿಲಕ ಹಾಕಿರುತ್ತಾರೆ. ಕಾರಣ ಕೇಳಲಾಗಿ, “ಒಲೆ ತಣ್ಣಗೆ ಕೂತಿದೆ, ಮಕ್ಕಳು ಇದಕ್ಕೆ ಒರಗಿ ಬೆಚ್ಚಗಾಗ್ತಿವೆ. ಗಬ್ಬದ ಕುರಿ ಕಣ್ರೋ ಇದು! ತಲೆ ಬೇಕಂದ್ರೆ ಅಧ್ಯಕ್ಷರದ್ದೇ ಬೇಯಿಸ್ಕೊಳ್ಳಿ, ಒಳಗೇನೂ ಇಲ್ಲ, ಬೇಗ ಬೇಯುತ್ತೆ” ಎಂದು ಕಿಟಕಿಯಿಂದ ಉತ್ತರಿಸಿರುತ್ತಾರೆ. ಸದರಿ ಉತ್ತರವು ನಿಗದಿತ ನಮೂನೆಯಲ್ಲಿ ಇರುವುದಿಲ್ಲ.

6. ನಿಧಿಯನ್ನು ಉಳಿಸುವ ಬಗ್ಗೆ ಚರ್ಚಿಸಲು ಸಮಿತಿಯು ದಾನಿಗಳ ಸಮೇತ ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತಿಗೆ, ಶಾಲೆಗೆ ಆಗಮಿಸಲಿದೆ. ಅಷ್ಟರೊಳಗೆ ಬಾಗಿಲು ತೆರೆಯತಕ್ಕದ್ದು.

(ಸಹಿ)
ಶೆರಾಲಿ ಮಾಮಿರ್ಕಾನೊವ್
ಅಧ್ಯಕ್ಷರು, ಶಾಶ್ವತ ನಿಧಿ ಸಂರಕ್ಷಣಾ ಸಮಿತಿ

ಪ್ರತಿಗಳು:
1. ದಾನಿಗಳಿಗೆ, ಚಾಕು ತರುವ ಅಗತ್ಯವಿಲ್ಲ ಎಂಬ ಮಾಹಿತಿಯೊಂದಿಗೆ.
2. ಅಡುಗೆಯವರಿಗೆ, ದೊಡ್ಡ ಕಡಾಯಿ ತೊಳೆದಿಡುವ ಸಲುವಾಗಿ.
3. ಶಿಕ್ಷಕಿಗೆ. ಬಾಗಿಲು ತೆರೆಯದ ಕಾರಣ ಕಿಟಕಿಯಿಂದ ಒಳಗೆ ಹಾಕಲಾಯಿತು. ಸದರಿ ಪ್ರತಿಯನ್ನು ಶಾಶ್ವತ ನಿಧಿಯು ತಿಂದಿರುತ್ತದೆ.